ವಡ್ಡಾರಾಧನೆ: ಕಷ್ಟಪಟ್ಟು ಮೂಲವನ್ನೇ ಓದಬೇಕಾ?

ಪ್ರಶ್ನೆ:
ಹಳಗನ್ನಡದ ಗದ್ಯಗ್ರಂಥ ವಡ್ಡಾರಾಧನೆಯ ಜೈನ ಕಥೆಗಳನ್ನು ಮೂಲದಲ್ಲೇ ಓದಬೇಕು ಅಂತ ಹಿಡಿದು ಎರಡು ವಾರ ಆಯ್ತು. ಇನ್ನೂ ಮೊದಲ ಕಥೆ, ಸುಕುಮಾರಸ್ವಾಮಿಯದರಲ್ಲೇ ಇದ್ದೇನೆ. ಒಂದು ವಾಕ್ಯ ಶುರುವಾದರೆ ಮುಗಿಯುವುದೇ ಇಲ್ಲ, ಮುಗಿಯುವ ಹೊತ್ತಿಗೆ ಯಾರ ವಿಷಯ ಹೇಳುತ್ತಿದ್ದರು ಅನ್ನೋದೇ ಮರೆತಿರುತ್ತದೆ. ಹೊಸಗನ್ನಡ ಅನುವಾದ ಓದಿದರೆ ಸಾಲದಾ? ನಾನು ಜೈನನಲ್ಲ, ಪರೀಕ್ಷೆಗೂ ಓದುತ್ತಿಲ್ಲ. ಸುಮ್ನೆ ಆಸೆ.

ಉತ್ತರ 1:
ಅನುವಾದ ಮೊದಲು ಓದಿ, ತಪ್ಪೇನಿಲ್ಲ. ಕಥೆ ಗೊತ್ತಿದ್ದರೆ ಅರ್ಧ ಭಾರ ಇಳಿಯುತ್ತದೆ. ಆಮೇಲೆ ಮೂಲವನ್ನು ಬಾಯಿಬಿಟ್ಟು ಓದಿ. ಪದದ ಮೊದಲಲ್ಲಿ ‘ಪ’ ಬಂದರೆ ‘ಹ’ ಇಟ್ಟು ನೋಡಿ: ಪಾಲ್ ಹಾಲು, ಪುಲಿ ಹುಲಿ. ೞ ಕಂಡರೆ ಸದ್ಯಕ್ಕೆ ‘ಳ’ ಅಂದುಕೊಳ್ಳಿ. ‘ಕಥೆಯಂ ಪೇೞ್ವೆಂ’ ಅಂದರೆ ‘ಕಥೆಯನ್ನು ಹೇಳುವೆನು’, ಅಷ್ಟೇ. ಪೊೞಲ್ ಅಂದರೆ ಪಟ್ಟಣ, ಹೊಳಲ್ಕೆರೆಯ ಹೊಳಲು ಅದೇ! ಇದು ಬೇರೆ ಭಾಷೆ ಅಲ್ಲ, ನಮ್ಮದೇ ಮಾತು, ಸಾವಿರ ವರ್ಷ ಹಳೆಯದು.

ಉದ್ದ ವಾಕ್ಯಕ್ಕೆ ಪೆನ್ಸಿಲ್ ಹಿಡಿಯಿರಿ. ಹೋಗಿ, ಕಂಡು, ಕೇಳಿ ಅಂತ ಒಂದರ ಹಿಂದೆ ಒಂದು ಬರುತ್ತದಲ್ಲ, ಪ್ರತಿ ಸಲ ಒಂದು ಗೆರೆ ಎಳೆದು ಉಸಿರು ಬಿಡಿ. ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗಲೂ ಹೀಗೇ ಅಲ್ವಾ, ‘ಹೋಗಿ, ನೋಡಿ, ಕೂತ್ಕೊಂಡು’ ಅಂತ ಪೂರ್ಣವಿರಾಮವೇ ಇಲ್ಲದೆ?

ಉತ್ತರ 2:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇರೋದು 19 ಕಥೆ, ಎಲ್ಲವನ್ನೂ ಮೂಲದಲ್ಲೇ ಓದುತ್ತೇನೆ ಅಂತ ಹಟ ಹಿಡಿದವರು ಜಾಸ್ತಿ ಜನ ಅರ್ಧಕ್ಕೇ ಬಿಡುತ್ತಾರೆ. ಒಂದನ್ನು ಮೂಲದಲ್ಲಿ ಓದಿ, ಉಳಿದದ್ದು ಅನುವಾದದಲ್ಲಿರಲಿ. ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡಿ. ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ಬಹಳ ಒಳ್ಳೆಯದು, ಆದರೆ ಅದರೊಳಗೆ ಹೊಕ್ಕರೆ ಕಥೆ ಅಲ್ಲೇ ನಿಂತುಬಿಡುತ್ತದೆ.

ಉತ್ತರ 3:
ನಾನೂ ಜೈನಳಲ್ಲ. ಸುಕುಮಾರನ ಕಥೆ ಮೊದಲು ಅನುವಾದದಲ್ಲೇ ಓದಿದ್ದೆ, ಅರ್ಧ ಗಂಟೆಯಲ್ಲಿ ಮುಗಿಯಿತು, ಮರೆತೂ ಹೋಯಿತು. ಮೂಲ ಓದಲು ತಿಂಗಳು ಹಿಡಿಯಿತು. ಸಾಸಿವೆ ಕಾಳು ಒತ್ತಿದರೂ ತಡೆಯದ ಮೈ ಅವನದು. ಅಂಥವನು ಕೊನೆಗೆ ಸನ್ಯಾಸಿಯಾಗಿ ಕಾಡಿನಲ್ಲಿ ಅಲುಗದೆ ಇರುತ್ತಾನೆ, ನರಿ ಮರಿಗಳ ಜೊತೆ ಬಂದು ಅವನನ್ನು ತಿನ್ನುತ್ತದೆ. ಆ ನರಿ ಯಾರು? ಹಿಂದೊಂದು ಜನ್ಮದಲ್ಲಿ ಅವನು ಒದ್ದ ಅತ್ತಿಗೆ. ಬೇಗ ಓದಿದಾಗ ಇದು ಬರೀ ಪವಾಡದ ಕಥೆ ಅನ್ನಿಸಿತ್ತು. ಪದ ಪದ ಬಿಡಿಸುತ್ತಾ ಆ ಜಾಗಕ್ಕೆ ಬಂದಾಗ ಓಡಿಹೋಗಲು ದಾರಿಯೇ ಇರಲಿಲ್ಲ, ಅಲ್ಲೇ ಅವನ ಪಕ್ಕ ಕೂತಿರಬೇಕಾಯಿತು, ಪುಸ್ತಕ ಮುಚ್ಚಿ ತುಂಬಾ ಹೊತ್ತು ಆ ಅತ್ತಿಗೆಯ ಸಿಟ್ಟಿನ ಬಗ್ಗೆ ಯೋಚಿಸಿದೆ. ನಂಬಿಕೆ ಇಲ್ಲದಿದ್ದರೂ ನಡೆಯುತ್ತದೆ. ನಿಧಾನ ಬೇಕು, ಆ ಭಾಷೆ ನಮ್ಮನ್ನು ನಿಧಾನ ಮಾಡುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಗೆರೆ ಎಳೆದುಕೊಂಡು ಜೋರಾಗಿ ಒಂದು ಪುಟ ಓದಿದೆ. ಒಂದೇ ವಾಕ್ಯದಲ್ಲಿ ಒಂಬತ್ತು ಗೆರೆ ಬಿತ್ತು! ನಾಲ್ಕು ಪದ ತಿಳಿಯಲಿಲ್ಲ, ಕಥೆ ಮಾತ್ರ ತಿಳಿಯಿತು. ಅತ್ತಿಗೆ ಇನ್ನೂ ಬಂದಿಲ್ಲ.