ಹೊಸ ಟರ್ಬೊ ಪೆಟ್ರೋಲ್ ಕಾರು: ಮೊದಲ ಸಾವಿರ ಕಿ.ಮೀ. ಒಳಗೆ ಆಗುಂಬೆ ಘಾಟಿ ಹತ್ತಿಸಬಹುದಾ?

ತುಂಗಾತೀರ:
1.0 ಲೀಟರ್ ಟರ್ಬೊ ಪೆಟ್ರೋಲ್, ಮ್ಯಾನುವಲ್ ಗೇರ್. ಓಡಿರೋದು ಬರೀ 180 ಕಿ.ಮೀ. ಮುಂದಿನ ವಾರ ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿಗೆ ಹೋಗಿ ಬರಬೇಕು, ನಾಲ್ಕು ಜನ, ಲಗೇಜು ಬೇರೆ. 1,000 ಕಿ.ಮೀ. ಆಗೋವರೆಗೆ 2,000 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ದಾಟಿಸಬೇಡಿ ಅಂತ ಹೇಳಿದ್ದಾರೆ. ವಾಪಸ್ ಬರುವಾಗ 14 ತಿರುವು ಅಷ್ಟರಲ್ಲೇ ಹತ್ತುತ್ತಾ? ಆಯಿಲ್ ಬೇಗ ಬದಲಿಸಬೇಕಾ?

ಘಾಟಿಗೇರ್:
ಧಾರಾಳವಾಗಿ ಹತ್ತಿಸಿ. ಆದರೆ 2,000ದ ಲೆಕ್ಕ ಘಾಟಿಗೆ ಹಿಡಿಯಬೇಡಿ, ಅದರಿಂದಲೇ ಇಂಜಿನ್ನಿಗೆ ಪೆಟ್ಟು. ಮೂರನೇ ಗೇರಿನಲ್ಲಿ 1,400ಕ್ಕೆ ಇಳಿದ ಮೇಲೂ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳಬಹುದು. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಈ ಅಪಾಯ ಹೆಚ್ಚು, ಪಿಸ್ಟನ್ನೇ ಒಡೆದದ್ದುಂಟು. ಎರಡನೇ ಗೇರ್, 2,200ರಿಂದ 3,000, ಅರ್ಧ ಆಕ್ಸಿಲರೇಟರ್. ತೀರಾ ಕಡಿದಾದ ತಿರುವಿಗೆ ಮೊದಲನೇ ಗೇರ್ ಹಾಕೋಕೆ ಹಿಂಜರಿಯಬೇಡಿ.

ಹೊಸ ಸಿಲಿಂಡರ್ ಗೋಡೆಯ ಮೇಲೆ ಕೂದಲೆಳೆಯಂಥ ಓರೆ ಗೀರುಗಳಿರುತ್ತವೆ, ಒಂದರ ಮೇಲೊಂದು ಅಡ್ಡ ಹಾಯ್ದಂತೆ. ಪಿಸ್ಟನ್ ಸುತ್ತ ಇರುವ ರಿಂಗು ಅವಕ್ಕೆ ಉಜ್ಜಿ ಉಜ್ಜಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತುವುದು ಉರಿಯುವ ಗ್ಯಾಸಿನ ಒತ್ತಡ, ಅದಕ್ಕೆ ಹದವಾದ ಲೋಡ್ ಬೇಕೇ ಬೇಕು. ಸದಾ ಮೆಲ್ಲಗೆ ಓಡಿಸಿದರೆ ಗೀರು ನುಣುಪಾಗಿ, ರಿಂಗು ಕೂರದೆ ಆಯಿಲ್ ಕುಡಿಯೋಕೆ ಶುರುವಾಗುತ್ತೆ. ಮಂಡಗದ್ದೆ ಕಡೆಯ ರಸ್ತೆಯಲ್ಲೂ ಒಂದೇ ವೇಗ ಹಿಡಿದು ಕೂರದೆ ಏರಿಸಿ ಇಳಿಸಿ ಓಡಿಸಿ. ಕ್ರೂಸ್ ಕಂಟ್ರೋಲ್ ಬೇಡ. ಮ್ಯಾನುವಲ್ ಪುಸ್ತಕದಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದೇ ಅಂತಿಮ.

ಆಯಿಲ್‌ಕಡ್ಡಿ:
ಮೇಲೆ ಹೇಳಿದ್ದು ಸರಿ. ಟರ್ಬೊದ್ದು, ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗದ್ದು, ಬೇರೆ ಚಿಂತೆ. ಘಾಟಿ ಹತ್ತಿ ಸೂರ್ಯಾಸ್ತದ ಜಾಗದಲ್ಲಿ ನಿಲ್ಲಿಸಿದ ತಕ್ಷಣ ಕೀ ತಿರುಗಿಸಬೇಡಿ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಶಾಫ್ಟು ಅದು, ತೇಲುವುದು ಆಯಿಲ್ ಪದರದ ಮೇಲೆ. ಇಂಜಿನ್ ನಿಂತರೆ ಆಯಿಲ್ ಹರಿವೂ ನಿಲ್ಲುತ್ತೆ, ಒಳಗೆ ಉಳಿದದ್ದು ಆ ಕಾವಿಗೆ ಸೀದು ಕರಿ ಕಟ್ಟುತ್ತೆ. ಒಂದು ನಿಮಿಷ ಐಡಲ್ ಬಿಡಿ. ಗಾಡಿ ನಿಂತಾಗ ಇಂಜಿನ್ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಇದ್ದರೆ ಘಾಟಿ ಬುಡದಲ್ಲೇ ಅದರ ಬಟನ್ ಒತ್ತಿ ಆಫ್ ಮಾಡಿ. ಇಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ತಿರುಗಿದರೆ ಗಾಬರಿ ಬೇಡ.

ಹೊರಡೋ ಹಿಂದಿನ ದಿನ ಸಮತಟ್ಟು ಜಾಗದಲ್ಲಿ, ಇಂಜಿನ್ ನಿಲ್ಲಿಸಿ 10 ನಿಮಿಷ ಬಿಟ್ಟು ಆಯಿಲ್ ಮಟ್ಟದ ಕಡ್ಡಿ ನೋಡಿ. ಮಟ್ಟ ಎರಡು ಗುರುತಿನ ನಡುವೆ ಇರಲಿ. ಮೇಲಿನ ಗುರುತು ದಾಟಿ ಪೆಟ್ರೋಲ್ ವಾಸನೆ ಬಂದರೆ ಸರ್ವಿಸಿಗೆ ತೋರಿಸಿ. 1,000ಕ್ಕೇ ಆಯಿಲ್ ಬದಲಿಸೋದು ಕಡ್ಡಾಯವಲ್ಲ, ಬದಲಿಸಿದರೆ ನಷ್ಟವೂ ಇಲ್ಲ. ಪುಸ್ತಕ ಹೇಳಿದ ಗ್ರೇಡೇ ಹಾಕಿಸಿ, ಬಿಲ್ ಇಟ್ಟುಕೊಳ್ಳಿ.

ತುಂಗಾತೀರ:
ಬೆಳಗ್ಗೆ ಚಳಿಯಲ್ಲಿ ಎಷ್ಟು ಹೊತ್ತು ಬಿಸಿ ಮಾಡಲಿ?

ಆಯಿಲ್‌ಕಡ್ಡಿ:
ಅರ್ಧ ನಿಮಿಷ ಸಾಕು. ಆಮೇಲೆ 2,000ದ ಒಳಗೆ ನಿಧಾನ ಹೊರಡಿ. ಕೂಲೆಂಟ್ ಮುಳ್ಳು ಮಧ್ಯಕ್ಕೆ ಬಂದ ಮೇಲೂ ಆಯಿಲ್ ಪೂರ್ತಿ ಕಾದಿರಲ್ಲ, ಇನ್ನೂ ನಾಲ್ಕೈದು ಕಿ.ಮೀ. ತಾಳಿ.

ಘಾಟಿಗೇರ್:
ಇನ್ನೊಂದು, ಇಳಿಯುವಾಗಲೂ ಎರಡನೇ ಗೇರೇ ಇರಲಿ. ಮೊದಲ 300 ಕಿ.ಮೀ. ಬ್ರೇಕ್ ಪ್ಯಾಡ್ ಸರಿಯಾಗಿ ಕಚ್ಚಲ್ಲ, ಹೊಸ ಟೈರೂ ಜಾರುತ್ತೆ. ಮಳೆ ಇದ್ದರೆ ಮುಂದಿನ ಗಾಡಿಗೆ ದುಪ್ಪಟ್ಟು ಅಂತರ ಬಿಡಿ.