ಪದಚರ್ಚೆ: ರೈಫಲ್‌ನ ‘ಐರನ್ ಸೈಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ರೈಫಲ್ ಶೂಟಿಂಗ್ ಹೊಸದಾಗಿ ಕಲಿಯುವವರಿಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ‘ಐರನ್ ಸೈಟ್‌ನಲ್ಲಿ ಕಲಿಯಬೇಕೋ, ಆಪ್ಟಿಕ್ಸ್ ಹಾಕಿಕೊಂಡು ಕಲಿಯಬೇಕೋ’ ಅನ್ನುವುದೇ ಮೊದಲ ಪಾಠ. ಐರನ್ ಸೈಟ್ ಅಂದರೆ ಗುರಿ ನೋಡಲು ಕೋವಿಯ ಮೇಲೆ ಹಿಂದೊಂದು ಮುಂದೊಂದು ಇರುವ ಗಾಜಿಲ್ಲದ ಸಾಧನ; ಆಪ್ಟಿಕ್ಸ್ ಅಂದರೆ ಅದೇ ಕೆಲಸಕ್ಕೆ ಕೂರಿಸುವ ಗಾಜಿನ ಸಾಧನ. ಈ ಎರಡು ಪದಗಳ ಹತ್ತಿರ ಬರವಣಿಗೆ ನಿಂತಿದೆ.

‘ಕಬ್ಬಿಣದ ಗುರಿ’ ಸರಿಹೋಗುವುದಿಲ್ಲ. ನಮ್ಮಲ್ಲಿ ಗುರಿ ಅಂದರೆ ಹೊಡೆಯಬೇಕಾದ ವಸ್ತುವೂ ಹೌದು, ಅದರತ್ತ ಕೋವಿ ಹಿಡಿಯುವುದೂ ಹೌದು. ಕೋವಿಯ ಮೇಲಿನ ಸಾಧನಕ್ಕೂ ಅದೇ ಪದ ಇಟ್ಟರೆ ‘ಗುರಿಯಲ್ಲಿ ನೋಡಿ ಗುರಿಗೆ ಗುರಿ ಇಡಿ’ ಅಂತ ಬರೆಯಬೇಕಾಗುತ್ತದೆ. ‘ಸೈಟು’ ಅಂತಲೇ ಬಿಡೋಣ ಅಂದರೆ ಓದುವವರಿಗೆ ಮೊದಲು ಹೊಳೆಯುವುದು ಮನೆ ಕಟ್ಟುವ ಜಾಗ. ‘ಕಬ್ಬಿಣ’ವೂ ಈಗ ಹೆಸರಿಗಷ್ಟೇ ಉಳಿದಿದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರಲ್ಲ, ಆ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಹಿಂದೆ ಸಣ್ಣ ತೂತು, ಮುಂದೆ ಒಂದು ಉಂಗುರ, ಅದರ ನಡುವೆ ಗುರಿಹಲಗೆಯ ಕಪ್ಪು ವೃತ್ತವನ್ನು ಕೂರಿಸಬೇಕು. ಅಂಥ ಭಾಗಗಳನ್ನು ಅಲ್ಯೂಮಿನಿಯಂ, ಪ್ಲಾಸ್ಟಿಕ್‌ನಲ್ಲೂ ಮಾಡುತ್ತಾರೆ. ದುರ್ಬೀನಿನಂಥ ಗಾಜಿನ ಸಾಧನ ಇಲ್ಲ ಅನ್ನುವುದೇ ಇಲ್ಲಿ ಮುಖ್ಯ, ಅಲ್ವಾ?

ಹಾಗಾಗಿ ಭಾಗಗಳಿಗೇ ಹೆಸರಿಟ್ಟು ನೋಡಿದೆ. ಕಣ್ಣಿನ ಹತ್ತಿರದ್ದು ‘ಕಂಡಿ’. ಕಚ್ಚು ಇದ್ದರೂ ತೂತು ಇದ್ದರೂ ಒಪ್ಪುತ್ತದೆ. ನಳಿಗೆಯ ತುದಿಯದ್ದು ‘ಮೊನೆ’. ಎರಡೂ ಸೇರಿ ‘ಕಂಡಿ-ಮೊನೆ’. ಜರ್ಮನ್ನರೂ ‘ಕಿಮ್ಮೆ ಉಂಡ್ ಕೋರ್ನ್’ ಅಂತ ಹೀಗೇ ಜೋಡಿಸಿ ಹೇಳುತ್ತಾರೆ. ಕೋರ್ನ್ ಅಂದರೆ ಕಾಳು. ಹಿಂದಿಯಲ್ಲಿ ಆ ತುದಿಗೆ ‘ಮಕ್ಖಿ’, ಅಂದರೆ ನೊಣ ಅನ್ನುತ್ತಾರೆ.

ಈಗ ಪಾಠ ಹೀಗೆ ಓಡುತ್ತದೆ: ‘ಕಂಡಿಯ ನಡುವೆ ಮೊನೆ ನಿಲ್ಲಲಿ. ಎರಡರ ತಲೆಯೂ ಸಮ ಇರಲಿ. ಕಣ್ಣು ಮೊನೆಯ ಮೇಲಿರಲಿ, ಗುರಿ ಸ್ವಲ್ಪ ಮಸುಕಾದರೂ ಪರವಾಗಿಲ್ಲ.’ ಕಂಡಿಗೂ ಮೊನೆಗೂ 60 ಸೆಂ.ಮೀ. ಅಂತರವಿದ್ದು, ಮೊನೆ ಬರೀ 1 ಮಿ.ಮೀ. ಪಕ್ಕಕ್ಕೆ ಸರಿದರೂ 50 ಮೀಟರ್ ದೂರದಲ್ಲಿ ಗುಂಡು 8 ಸೆಂ.ಮೀ.ಗೂ ಜಾಸ್ತಿ ತಪ್ಪುತ್ತದೆ. ತಲೆ ಇಡುವುದರಲ್ಲಿ, ಕೆನ್ನೆ ಒತ್ತುವುದರಲ್ಲಿ ಆಗುವ ತಪ್ಪು ಹೀಗೆ ಗುರಿಹಲಗೆಯ ಮೇಲೇ ಕಾಣಿಸುವುದರಿಂದ ಎಳೆಯರು ಮೊದಲು ಇದರಲ್ಲೇ ಕಲಿಯಲಿ ಅನ್ನುವುದು ನನ್ನ ಅಭಿಪ್ರಾಯ. ಚಾಳೀಸು ಬಂದು ಮೊನೆಯೇ ಮಂಜಾಗಿ ಕಾಣುವವರನ್ನು ಸುಮ್ನೆ ಒದ್ದಾಡಿಸಬಾರದು. ಅವರಿಗೆ ಮೊದಲಿನಿಂದಲೇ ಗಾಜು ಇರಲಿ.

ಆದರೆ ಆ ಗಾಜಿಗೆ ಏನನ್ನೋಣ? ಟೆಲಿಸ್ಕೋಪ್ ಇರುವುದಕ್ಕೆ ‘ದುರ್ಬೀನು’ ಸಾಕು, ಎಲ್ಲರಿಗೂ ಗೊತ್ತಿರುವ ಪದ. ‘ರೆಡ್ ಡಾಟ್’ ಅನ್ನುವ ಇನ್ನೊಂದು ಬಗೆಯ ಗಾಜು ಮಾತ್ರ ದುರ್ಬೀನಲ್ಲ. ಅದು ಏನನ್ನೂ ಹತ್ತಿರಕ್ಕೆ ತರುವುದಿಲ್ಲ, ಗಾಜಿನ ಮೇಲೆ ಒಂದು ಕೆಂಪು ಚುಕ್ಕಿ ತೋರಿಸುತ್ತದೆ ಅಷ್ಟೇ. ಎರಡಕ್ಕೂ ಸೇರಿ ‘ಗಾಜುಗಂಡಿ’ ಅನ್ನಬಹುದೇ? ‘ಗಾಜುಗಣ್ಣು’ ಅಂದರೆ ಕೃತಕ ಕಣ್ಣು ನೆನಪಾಗುತ್ತದೆ.

ಕೊಡಗಿನವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ನಳಿಗೆಯ ತುದಿಯ ಆ ಸಣ್ಣ ಮಣಿಯಂಥ ಉಬ್ಬಿಗೆ ಏನನ್ನುತ್ತೀರಿ? ಜೋಡುನಳಿಗೆ ಕೋವಿಯಲ್ಲಿ ಸಾಮಾನ್ಯವಾಗಿ ಅದೊಂದೇ ಇರುತ್ತದೆ, ಹಿಂದೆ ಕಂಡಿ ಇರುವುದಿಲ್ಲ. ಮಲೆನಾಡಿನ ಈಡುಗಾರರ ಮನೆಯವರೂ, ಎನ್‌ಸಿಸಿಯಲ್ಲಿ ಪಾಯಿಂಟ್ 22 ರೈಫಲ್ ಹಿಡಿದವರೂ ಹೇಳಿ. ನಿಮ್ಮ ಅಜ್ಜನೋ ಮಾವನೋ ಬಳಸುತ್ತಿದ್ದ ಮಾತಿದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ. ಅಂಥದ್ದು ಒಂದು ಸಿಕ್ಕರೂ ನಾನು ಕಟ್ಟಿದ ‘ಮೊನೆ’ಯನ್ನು ತೆಗೆದು ಅದನ್ನೇ ಕೈಪಿಡಿಗೆ ಹಾಕುತ್ತೇನೆ.