ಸಹಾಯ ಬೇಕು: ಒಂದು ವರ್ಷದ ಮಗಳು ಹಸುವಿನ ಹಾಲು ಕುಡಿಯುತ್ತಿಲ್ಲ

ಮಗಳಿಗೆ ಹೋದ ವಾರ ಒಂದು ವರ್ಷ ತುಂಬಿತು. ಆರು ತಿಂಗಳಿಂದ ಫಾರ್ಮುಲಾ ಕುಡಿಯುತ್ತಿದ್ದಾಳೆ. ಇನ್ನು ಹಸುವಿನ ಹಾಲು ಶುರು ಮಾಡಿ, ದಿನಕ್ಕೆ 500 ಎಂಎಲ್ ದಾಟದಿರಲಿ ಎಂದು ಡಾಕ್ಟರ್ ಹೇಳಿದ್ದಾರೆ. ಹಾಲೇ ಜಾಸ್ತಿಯಾದರೆ ಊಟ ಸೇರುವುದಿಲ್ಲ, ಕಬ್ಬಿಣಾಂಶ ಕಡಿಮೆಯಾಗುತ್ತದಂತೆ.

ಹಾಲು ಕಾಯಿಸಿ, ಆರಿಸಿ ಬಾಟಲಿಯಲ್ಲಿ ಕೊಟ್ಟೆ. ಒಂದು ಗುಟುಕಿಗೇ ಮುಖ ತಿರುಗಿಸಿದಳು. ಈಗ ಸರಿಯಾದ ಅಳತೆಯಲ್ಲಿ ಕಲಸಿದ ಫಾರ್ಮುಲಾ 120 ಎಂಎಲ್, ಹಸುವಿನ ಹಾಲು 30 ಎಂಎಲ್ ಸೇರಿಸುತ್ತಿದ್ದೇನೆ. ಅದನ್ನು ಕುಡಿಯುತ್ತಾಳೆ. 60ಕ್ಕೆ ಏರಿಸಿದ ದಿನ ಮತ್ತೆ ಹಠ. ಜೊತೆಗೆ ಎರಡು ದಿನದಿಂದ ಕಕ್ಕ ಗಟ್ಟಿ. ಪಾಪ, ಮುಕ್ಕುತ್ತಾ ಅಳುವುದನ್ನು ನೋಡಲಾಗುತ್ತಿಲ್ಲ.

ನೀರು ಬೆರೆಸಿ, ಸಕ್ಕರೆ ಹಾಕಿ ಕೊಡು ಎನ್ನುತ್ತಾರೆ ಅತ್ತೆ. ಪ್ರೀತಿಯಿಂದಲೇ ಹೇಳುವುದು, ಆದರೆ ನನಗೆ ಎರಡೂ ಬೇಡ. ನೀರು ಹಾಕಿದರೆ ಸತ್ವ ಕಡಿಮೆಯಾಗುತ್ತದೆ ಅಲ್ವಾ?

ನಂದಿನಿ ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಅಂದರೆ ಕೊಬ್ಬು ಸ್ವಲ್ಪ ಕಡಿಮೆ ಮಾಡಿದ್ದು, 3%. ಎರಡು ವರ್ಷದವರೆಗೆ ಕೆನೆ ತೆಗೆಯದ ಹಾಲೇ ಒಳ್ಳೆಯದು ಎನ್ನುತ್ತಾರೆ. ನೀವು ಯಾವ ಪ್ಯಾಕೆಟ್ ಕೊಟ್ಟಿರಿ? ಬಾಟಲಿ ಬಿಡಿಸಿ ಲೋಟಕ್ಕೆ ತರಲು ಎಷ್ಟು ದಿನ ಹಿಡಿಯಿತು? ರಾಗಿ ಸರಿಗೆ ಹಾಕುವ ಹಾಲು, ಮೊಸರು ಕೂಡ ಆ 500ರ ಲೆಕ್ಕಕ್ಕೆ ಸೇರುತ್ತಾ? ಕಕ್ಕ ಗಟ್ಟಿಯಾದಾಗ ಏನು ಮಾಡಿದಿರಿ, ದಯವಿಟ್ಟು ಅದನ್ನೂ ಹೇಳಿ.